ಹನ್ನೆರಡನೇ ಕಲ್ಲು ಯಾರ ಹತ್ತಿರ ಇದೆ?

ನಾವು ಕೊಡಗಿನ ಕೊಡವರು, ಒಂದೇ ಮನೆಹೆಸರಿನ ದೊಡ್ಡ ಕುಟುಂಬಕ್ಕೆ ನಮ್ಮಲ್ಲಿ ಒಕ್ಕ ಅನ್ನುತ್ತೇವೆ. ನಮ್ಮ ಒಕ್ಕ ಇನ್ನೊಂದು ಒಕ್ಕಕ್ಕೆ ಅರುವ. ತಲೆಮಾರುಗಳಿಂದ ಹಾಗೇ ನಡೆದುಕೊಂಡು ಬಂದಿದೆ. ಅವರ ಮನೆಯಲ್ಲಿ ಮದುವೆ ಇದ್ದರೆ ನಮ್ಮ ಮನೆಯವರೊಬ್ಬರು ಅವರ ಪರವಾಗಿ ದೀಪದ ಮುಂದೆ ನಿಲ್ಲಬೇಕು. ಕಳೆದ ಹದಿನೈದು ವರ್ಷಗಳಲ್ಲಿ ಆ ಕೆಲಸ ಆರು ಸಲ ನನ್ನ ಪಾಲಿಗೆ ಬಂದಿದೆ.

ಕೊಡವರ ಮದುವೆಯಲ್ಲಿ ಪುರೋಹಿತರು ಇರುವುದಿಲ್ಲ. ಬಂದ ನೆಂಟರು ಬಾಳೆ ಕಡಿಯುವುದನ್ನು, ವಾಲಗಕ್ಕೆ ಕುಣಿಯುವುದನ್ನು ಫೋನಿನಲ್ಲಿ ಹಿಡಿಯುತ್ತಾರೆ. ಸಮ್ಮಂದ ಕೊಡುವ ಶಾಸ್ತ್ರದ ಹೊತ್ತಿಗೆ ಅರ್ಧ ಜನ ಊಟದ ಕಡೆ ಹೋಗಿರುತ್ತಾರೆ. ಆದರೆ ಮದುವೆಯ ಮಾತು ನಡೆಯುವುದು ಅಲ್ಲೇ. ಎರಡೂ ಕಡೆಯ ಅರುವರು ಎದುರುಬದುರು ನಿಲ್ಲುತ್ತೇವೆ. ಹುಡುಗಿಗೆ ಗಂಡನ ಒಕ್ಕದಲ್ಲಿ ಏನೇನು ಹಕ್ಕು ಅಂತ ಮಾತಾಗುತ್ತದೆ. ಆಮೇಲೆ ಹುಡುಗಿ ಕಡೆಯ ಅರುವ ಹನ್ನೆರಡು ಸಣ್ಣ ಕಲ್ಲುಗಳಲ್ಲಿ ಹನ್ನೊಂದನ್ನು ಎಣಿಸಿ ಹುಡುಗನ ಕಡೆಯವರಿಗೆ ಕೊಡುತ್ತಾನೆ. ಒಂದನ್ನು ಇಟ್ಟುಕೊಳ್ಳುತ್ತಾನೆ. ಆಡುವ ಮಾತು ನಾಡಿನಿಂದ ನಾಡಿಗೆ ಸ್ವಲ್ಪ ಬೇರೆ ಇರಬಹುದು, ಅರ್ಥ ಒಂದೇ. ಹುಡುಗಿಯನ್ನು ಪೂರ್ತಿ ಕೊಟ್ಟುಬಿಟ್ಟಿಲ್ಲ. ತವರಿನಲ್ಲಿ ಅವಳ ಪಾಲಿನ ಒಂದು ಕಲ್ಲು ಉಳಿದಿದೆ. ಅಲ್ಲಿ ಬಾಳು ಕೆಟ್ಟರೆ ಇಲ್ಲಿಗೆ ಬರಬಹುದು.

ನಾನು ನಿಂತ ಆರು ಮದುವೆಗಳಲ್ಲಿ ಎರಡು ಮುರಿದಿವೆ. ಅದರಲ್ಲಿ ಒಂದು ಹುಡುಗಿ ವಾಪಸ್ ಬಂದಿದ್ದಾಳೆ ಅಂತ ನನಗೆ ಗೊತ್ತಾಗಿದ್ದು ಒಂದು ಸಾವಿನ ಮನೆಯಲ್ಲಿ, ಯಾರದೋ ಬಾಯಿಂದ. ಅಷ್ಟು ಹೊತ್ತಿಗೆ ಅವಳು ಬಂದು ಏಳು ತಿಂಗಳಾಗಿತ್ತು. ಅವಳ ಅಪ್ಪನಿಗೆ ಅಂಗಳದಲ್ಲೇ ಕೇಳಿದೆ. "ಅಣ್ಣ, ನಿಮಗೆ ಯಾವ ಮುಖ ಇಟ್ಟುಕೊಂಡು ಹೇಳೋದು ಅಂತ ಗೊತ್ತಾಗಲಿಲ್ಲ" ಅಂದರು. ಅವಳ ಕಲ್ಲು ಇಟ್ಟುಕೊಂಡವನು ನಾನು. ನನಗೇ ಹೇಳಲಿಲ್ಲ.

ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಕೊಡಗಿನಲ್ಲಿ ಮದುವೆಗಳಿಗೆ ಏನಾಗುತ್ತಿದೆ ಅಂತ ಕೇಳಿದರೆ ಎಲ್ಲರೂ ವಿಚ್ಛೇದನ ಜಾಸ್ತಿ ಆಯ್ತು, ಈಗಿನ ಹುಡುಗಿಯರಿಗೆ ತಾಳ್ಮೆ ಇಲ್ಲ ಅನ್ನುತ್ತಾರೆ. ನನಗೆ ಕಾಣುವುದು ಬೇರೆ. ಮದುವೆಯ ಹಿಂದೆ ನಿಲ್ಲುತ್ತಿದ್ದ ಜನ ಕಮ್ಮಿ ಆಗಿದ್ದಾರೆ. ಇಬ್ಬರೇ ಹೊರಬೇಕಾಗಿ ಬಂದ ಭಾರ ಇದು.

ಲೆಕ್ಕಕ್ಕೆ ಸಿಗದವರು

ಮೊದಲು ಅಂಕಿ ಅಂಶ ನೋಡೋಣ. 2011ರ ಜನಗಣತಿ ಪ್ರಕಾರ ದೇಶದಲ್ಲಿ ವಿಚ್ಛೇದಿತರು ಅಂತ ಬರೆಸಿಕೊಂಡವರು ಸುಮಾರು 13.6 ಲಕ್ಷ ಜನ. ಮದುವೆಯಾದವರ ಲೆಕ್ಕದಲ್ಲಿ ನೂರಕ್ಕೆ 0.25ರಷ್ಟೂ ಇಲ್ಲ. ಇದನ್ನು ನೋಡಿ ನಮ್ಮ ದೇಶದಲ್ಲಿ ಸಂಸಾರ ಗಟ್ಟಿ ಅಂತ ಹೇಳುವವರಿದ್ದಾರೆ. ಆದರೆ ಅದೇ ಜನಗಣತಿಯಲ್ಲಿ 'ಬೇರೆಯಾಗಿ ಬದುಕುತ್ತಿರುವವರು' ಅಂತ ಇನ್ನೊಂದು ಕಾಲಂ ಇದೆ. ಅಲ್ಲಿ ಇರುವವರು ವಿಚ್ಛೇದಿತರ ಸುಮಾರು ಮೂರು ಪಟ್ಟು. ಅಂದರೆ ಮುರಿದ ಮದುವೆಗಳಲ್ಲಿ ಹೆಚ್ಚಿನವು ಕೋರ್ಟಿನ ಮೆಟ್ಟಿಲು ಹತ್ತಿಲ್ಲ. ಗಂಡ ಒಂದೂರು, ಹೆಂಡತಿ ಒಂದೂರು. ಕಾಗದದಲ್ಲಿ ಮಾತ್ರ ಸಂಸಾರ. ನಮ್ಮೂರಲ್ಲಿ ಇದಕ್ಕೆ "ತವರಲ್ಲಿ ಇದ್ದಾಳೆ" ಅನ್ನುತ್ತೇವೆ. ಎರಡು ವರ್ಷ ಆದರೂ, ಹತ್ತು ವರ್ಷ ಆದರೂ ಅದೇ ಮಾತು.

ಕೊಡಗಿನದೇ ಲೆಕ್ಕಕ್ಕೆ ಬಂದರೆ, 2001ರಿಂದ 2011ರ ಹತ್ತು ವರ್ಷಗಳಲ್ಲಿ ಇಡೀ ಜಿಲ್ಲೆಯ ಜನಸಂಖ್ಯೆ 5,48,561ರಿಂದ 5,54,519ಕ್ಕೆ ಏರಿತು. ಸೇರಿದ್ದು ಆರು ಸಾವಿರಕ್ಕೂ ಕಮ್ಮಿ. ರಾಜ್ಯ ಆಗ ನೂರಕ್ಕೆ 15.6ರಷ್ಟು ಬೆಳೆದಿತ್ತು, ನಾವು 1.09ರಷ್ಟು. ಮಕ್ಕಳು ಕಮ್ಮಿ ಆಗಿದ್ದು ಒಂದು ಕಾರಣ. ಹೊರಗೆ ಹೋದವರು ಇನ್ನೊಂದು ಕಾರಣ. 2019ರಿಂದ 21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಹತ್ತು ಮಕ್ಕಳನ್ನು ಹೆತ್ತ ತಾಯಿಗೆ 'ಪೈತಾಂಡೆಕ್ ಅಳೆಪ' ಅಂತ ಮಂಗಲ ಮಾಡಿ ಗೌರವಿಸುತ್ತಿದ್ದ ನಾಡು ಇದು. ಈಗ ಒಕ್ಕದ ಮೂಲಮನೆಯಾದ ಐನ್‌ಮನೆಯ ನೆಲ್ಲಕ್ಕಿ ನಡುಬಾಡೆಯಲ್ಲಿ, ಅಂದರೆ ನಡುಮನೆಯಲ್ಲಿ, ದೀಪ ಹಚ್ಚಲು ಎಪ್ಪತ್ತು ದಾಟಿದ ಗಂಡ ಹೆಂಡತಿ ಇಬ್ಬರೇ ಇರುವ ಎಷ್ಟೋ ಮನೆ ನನಗೆ ಗೊತ್ತು. ಮಗ ಬೆಂಗಳೂರು, ಮಗಳು ಮೆಲ್ಬರ್ನ್.

ಅದಕ್ಕೇ ಮದುವೆ ಕಥೆಯನ್ನು ಕೊಡಗಿನಲ್ಲಿ ಜಮೀನಿನ ಕಥೆಯಿಂದ ಬೇರೆ ಮಾಡಿ ಹೇಳುವುದು ಕಷ್ಟ.

ತೋಟದಲ್ಲಿ ಉಳಿದ ಹುಡುಗ

ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಕೊಡಗಿನದು. ಆದರೆ ಬೆಳೆಗಾರರು ಅಂದರೆ ದೊಡ್ಡ ಬಂಗಲೆ, ಜೀಪು ಅಂತ ಅಂದುಕೊಳ್ಳಬೇಡಿ. ಹೆಚ್ಚಿನವರದು ಐದು ಎಕರೆ, ಹತ್ತು ಎಕರೆ. ಅದೂ ಅಪ್ಪನ ಹೆಸರಲ್ಲಿ, ಇಲ್ಲಾ ಒಕ್ಕದ ಹಿರಿಯರಾದ ಪಟ್ಟೆದಾರರ ಹೆಸರಲ್ಲಿ. ಆ ತೋಟ ನೋಡಿಕೊಳ್ಳಲು ಒಬ್ಬ ಮಗ ಊರಲ್ಲಿ ಉಳಿಯುತ್ತಾನೆ. ಬಿ.ಕಾಂ. ಮಾಡಿರುತ್ತಾನೆ, ಒಳ್ಳೆ ಹುಡುಗ, ಹಾಕಿ ಆಡುತ್ತಾನೆ. ಮೂವತ್ತೈದಾದರೂ ಮದುವೆ ಆಗಿರುವುದಿಲ್ಲ.

ಪರಿಚಯದ ಒಬ್ಬ ಹುಡುಗನಿಗಾಗಿ ನಾನೇ ಒಂದು ಮನೆಗೆ ಫೋನ್ ಮಾಡಿದ್ದೆ. ಹುಡುಗಿಯ ಅಮ್ಮ ಬಹಳ ಮರ್ಯಾದೆಯಿಂದ ಮಾತಾಡಿದರು. ಕೊನೆಗೆ ಹೇಳಿದ್ದು ಇಷ್ಟು: "ತೋಟ ಇದ್ರೆ ಸಾಲದಣ್ಣ. ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಇಲ್ಲದ ಜಾಗಕ್ಕೆ ಅವಳನ್ನ ಹೇಗೆ ಕಳಿಸೋದು? ಅವಳ ಕೆಲಸ ಏನಾಗ್ಬೇಕು?" ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊಡಗಿಗೆ ಇವತ್ತಿಗೂ ರೈಲು ಇಲ್ಲ. ಆ ಹುಡುಗಿ ಓದಿದ ಓದಿಗೆ ತಕ್ಕ ಕೆಲಸ ಮಡಿಕೇರಿಯಲ್ಲೂ ಇಲ್ಲ, ಗೋಣಿಕೊಪ್ಪದಲ್ಲೂ ಇಲ್ಲ. ಗದ್ದೆ ಬಯಲಿನ ಕಡೆಯೂ ಇದೇ ಪಾಡು. 2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ರೈತ ಹುಡುಗರು ಹೆಣ್ಣು ಸಿಗಲಿ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದಾಗ ಎಷ್ಟೋ ಜನ ನಕ್ಕರು. ನನಗೆ ನಗು ಬರಲಿಲ್ಲ.

ಹುಡುಗಿಯರು ಸೊಕ್ಕಿನಿಂದ ಬೇಡ ಅನ್ನುತ್ತಿದ್ದಾರೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಾವೇ ಅವರನ್ನು ಓದಿಸಿದೆವು. ಕೊಡಗಿನಲ್ಲಿ ಹೆಣ್ಣುಮಕ್ಕಳನ್ನು ಓದಿಸುವ ವಿಷಯದಲ್ಲಿ ಹಿಂದೆ ಮುಂದೆ ನೋಡಿದವರು ಕಮ್ಮಿ, ಅದು ನಮ್ಮ ಹೆಮ್ಮೆ. ಓದಿಸಿ, ಕೆಲಸಕ್ಕೆ ಕಳಿಸಿ, ಆಮೇಲೆ ಮೆಣಸಿನ ಬಳ್ಳಿ ನೋಡಿಕೊಂಡು ಅತ್ತೆ ಮಾವನ ಜೊತೆ ಇರು ಅಂದರೆ ಅವಳು ಯೋಚನೆ ಮಾಡದೆ ಇರುತ್ತಾಳಾ?

ಹೀಗಾಗಿ ಈಗಿನ ಮದುವೆಗಳು ಹೆಚ್ಚಾಗಿ ಊರಿನ ಹೊರಗೆ ಬದುಕುವ ಇಬ್ಬರ ನಡುವೆ ನಡೆಯುತ್ತವೆ. ಮದುವೆ ಮಾತ್ರ ಇಲ್ಲಿ. ವಿರಾಜಪೇಟೆಯದೋ ಪೊನ್ನಂಪೇಟೆಯದೋ ಸಮಾಜದ ಹಾಲ್‌ನಲ್ಲಿ ಎರಡು ದಿನ. ಸೋಮವಾರ ಬೆಳಿಗ್ಗೆ ಇಬ್ಬರೂ ಬೆಂಗಳೂರಿಗೆ. ಜಾತಿ ಬಿಟ್ಟು, ಊರು ಬಿಟ್ಟು ಮದುವೆಯಾಗುವವರೂ ಇದ್ದಾರೆ. ಅದರ ಬಗ್ಗೆ ನಮ್ಮ ಸಮಾಜಗಳಲ್ಲಿ ದೊಡ್ಡ ಜಗಳವೇ ಇದೆ. ನಾನು ಅದಕ್ಕೆ ಇಲ್ಲಿ ಕೈ ಹಾಕುವುದಿಲ್ಲ. ನಾನು ಕಂಡ ಮಟ್ಟಿಗೆ ಒಳಗೇ ಆದ ಮದುವೆಗಳೂ ಮುರಿದಿವೆ, ಹೊರಗೆ ಆದವೂ ಚೆನ್ನಾಗಿ ನಡೆದಿವೆ.

ನನ್ನ ಅಜ್ಜ ಸೈನ್ಯದಲ್ಲಿದ್ದರು. ಕೊಡಗಿನ ಅರ್ಧ ಮನೆಗಳ ಕಥೆ ಅದೇ ತಾನೆ. ವರ್ಷಕ್ಕೆ ಒಂದು ಸಲ ರಜೆಗೆ ಬರುವುದು. ಅಜ್ಜಿ ಗಂಡನ ಜೊತೆ ಒಂದೇ ಮನೆಯಲ್ಲಿ ಬದುಕಿದ್ದು ಅವರು ನಿವೃತ್ತಿಯಾದ ಮೇಲೆ. ಅಷ್ಟು ವರ್ಷ ದೂರ ಇದ್ದರೂ ಆ ಮದುವೆ ಹೇಗೆ ನಿಂತಿತು? ನಾನು ಬಹಳ ಸಲ ಯೋಚಿಸಿದ್ದೇನೆ. ಅಜ್ಜಿ ಒಬ್ಬರೇ ಇರಲಿಲ್ಲ. ಐನ್‌ಮನೆಯಲ್ಲಿ ಅತ್ತೆ, ನಾದಿನಿಯರು, ಓರಗಿತ್ತಿಯರು, ಎಲ್ಲ ಸೇರಿ ಹತ್ತು ಹದಿನೈದು ಹೆಂಗಸರು. ಮಗುವಿಗೆ ಜ್ವರ ಬಂದರೆ ಎತ್ತಿಕೊಳ್ಳಲು ನಾಲ್ಕು ಜೊತೆ ಕೈ. ಗಂಡನ ಮೇಲೆ ಸಿಟ್ಟು ಬಂದರೆ ಬೈದು ಹಗುರಾಗಲು ಅಡುಗೆಮನೆ. ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಹೊಸ ಮದುಮಗಳು ತವರಿಗೆ ಹೋಗಿ ಉಸಿರಾಡಿಕೊಂಡು ಬರುವ ಪದ್ಧತಿ ಬೇರೆ.

ಇವತ್ತು ಗಂಡ ಜೊತೆಯಲ್ಲೇ ಇದ್ದಾನೆ. ಬೆಂಗಳೂರಿನ ಎರಡು ರೂಮಿನ ಮನೆ. ಇಬ್ಬರೂ ರಾತ್ರಿ ಒಂಬತ್ತಕ್ಕೆ ಸುಸ್ತಾಗಿ ಬಂದು ಸೇರುತ್ತಾರೆ. ಜಗಳ ಆದರೆ ಕೇಳಲು ಮೂರನೆಯವರು ಇಲ್ಲ. ಮಗು ಹುಟ್ಟಿದರೆ ಯಾರು ಕೆಲಸ ಬಿಡಬೇಕು ಅನ್ನುವುದರಿಂದಲೇ ಹೆಚ್ಚಿನ ಬಿರುಕು ಶುರುವಾಗುವುದನ್ನು ಕಂಡಿದ್ದೇನೆ. ಇನ್ನು ಕೆಲವು ಕಡೆ ಕುಡಿತ. ಅದನ್ನು ಬಾಯಿಬಿಟ್ಟು ಹೇಳಲೇಬೇಕು. ನಮ್ಮಲ್ಲಿ ಹುಟ್ಟಿಗೂ ಮದುವೆಗೂ ಸಾವಿಗೂ ಬಾಟಲಿ ಬರುತ್ತದೆ ಅಂತ ಅದನ್ನು ಸಂಸ್ಕೃತಿ ಅಂದುಕೊಂಡು ಸುಮ್ಮನಿದ್ದೇವೆ. ಏಟು ತಿಂದ ಹೆಂಗಸರು ಹಿಂದೆಯೂ ಇದ್ದರು. ಐನ್‌ಮನೆಯ ಆ ಹತ್ತು ಹದಿನೈದು ಹೆಂಗಸರು ಎಷ್ಟೋ ಸಲ ಅದನ್ನು ತಡೆಯಲಿಲ್ಲ, ಸಹಿಸಿಕೋ ಅಂತಷ್ಟೇ ಹೇಳಿದರು. ಹಾಗಾಗಿ ಹಳೆಯ ಮನೆ ವಾಪಸ್ ಬರಲಿ ಅಂತ ನಾನು ಹೇಳುತ್ತಿಲ್ಲ. ಅಲ್ಲಿದ್ದ ಆಸರೆ ಹೋಯಿತು, ಅದರ ಜಾಗಕ್ಕೆ ಏನೂ ಬರಲಿಲ್ಲ ಅನ್ನುತ್ತಿದ್ದೇನೆ.

ನಾಚಿಕೆ ಎಲ್ಲಿಂದ ಬಂತು?

ಆ ಅಪ್ಪ ನನ್ನ ಮುಂದೆ ತಲೆ ತಗ್ಗಿಸಿದರಲ್ಲ, ಅದು ನಮ್ಮ ಹಳೆಯ ರೀತಿ ಅಲ್ಲ. ಕೊಡವರಲ್ಲಿ ವಿಧವೆಯರಿಗೂ ಗಂಡನನ್ನು ಬಿಟ್ಟವರಿಗೂ ಮರುಮದುವೆ ಇತ್ತು. 'ಕೂಡಾವಳಿ' ಅಂತ ಅದಕ್ಕೆ ಹೆಸರೇ ಇತ್ತು. ಗಂಡು ಸಂತಾನ ಇಲ್ಲದ ಒಕ್ಕಕ್ಕೆ 'ಮಕ್ಕ ಪರಿಜೆ' ಅಂತ ಇನ್ನೊಂದು ಬಗೆಯ ಮದುವೆ. ಅದರಲ್ಲಿ ಹುಟ್ಟಿದ ಮಕ್ಕಳು ತಾಯಿಯ ಒಕ್ಕಕ್ಕೇ ಸೇರುತ್ತಿದ್ದರು. ಒಕ್ಕದ ಹೆಸರು ಉಳಿಯಬೇಕು ಅಂತ ನಮ್ಮ ಹಿರಿಯರು ಇಷ್ಟೆಲ್ಲ ದಾರಿ ಮಾಡಿಕೊಂಡಿದ್ದರು.

ಹಾಗಾದರೆ ಈ ನಾಚಿಕೆ? ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಕೊಡಗಿನಲ್ಲಿ ಅಧ್ಯಯನ ಮಾಡಿ 1952ರಲ್ಲಿ ಅದನ್ನು ಪ್ರಕಟಿಸಿದರು. 'ಸಂಸ್ಕೃತೀಕರಣ' ಅನ್ನುವ ಅವರ ಪ್ರಸಿದ್ಧ ಮಾತು ಬಂದಿದ್ದು ಅದರಿಂದಲೇ. ಮೇಲಿನ ಜಾತಿ ಅನಿಸಿಕೊಂಡವರ ಆಚಾರಗಳನ್ನು ಉಳಿದವರು ತೆಗೆದುಕೊಳ್ಳುವುದು, ಅದರಿಂದ ಮರ್ಯಾದೆ ಹೆಚ್ಚುತ್ತದೆ ಅಂತ ನಂಬುವುದು. ಹೀಗೆ ತೆಗೆದುಕೊಳ್ಳುವಾಗ ಹೆಂಗಸರ ಮೇಲಿನ ಕಟ್ಟು ಬಿಗಿಯಾಗುತ್ತದೆ ಅನ್ನುವುದನ್ನೂ ಅವರು ಗುರುತಿಸಿದ್ದರು. ನಮ್ಮಲ್ಲಿ ಆಗಿದ್ದು ಅದೇ ಅಂತ ನನಗೆ ಅನ್ನಿಸುತ್ತದೆ. ಮರುಮದುವೆ ಮೆಲ್ಲಗೆ ಮರ್ಯಾದೆ ಕಳೆದುಕೊಂಡಿತು. ಕಲ್ಲು ಎಣಿಸುವುದು ಉಳಿಯಿತು, ಕಲ್ಲಿನ ಅರ್ಥ ಹೋಯಿತು. ಈಗಲೂ ಪ್ರತಿ ಮದುವೆಯಲ್ಲಿ ಒಂದು ಕಲ್ಲು ಹಿಡಿದುಕೊಳ್ಳುತ್ತೇವೆ. ಆದರೆ ಹುಡುಗಿ ನಿಜವಾಗಿ ವಾಪಸ್ ಬಂದರೆ ಗೇಟಿನ ಹತ್ತಿರವೇ "ಎಷ್ಟು ದಿನಕ್ಕೆ ಬಂದೆ?" ಅಂತ ಕೇಳುತ್ತೇವೆ.

ಅರೆಭಾಷೆ ಗೌಡರ ಮನೆಗಳಲ್ಲೂ ಬಂದ ಮಗಳಿಗೆ ಇದೇ ಪ್ರಶ್ನೆ ಅಂತ ಗೆಳೆಯರು ಹೇಳುತ್ತಾರೆ. ಮುಸ್ಲಿಂ ಮನೆಗಳಲ್ಲಿ ಮಾತುಕತೆ ಮೊದಲು ಜಮಾಅತ್ ಮುಂದೆ ಹೋಗುತ್ತದೆ. ಒಂದೇ ಉಸಿರಿನ ತಲಾಖ್ ಅನ್ನು ಸುಪ್ರೀಂ ಕೋರ್ಟ್ 2017ರಲ್ಲಿ ರದ್ದು ಮಾಡಿದ ಮೇಲೆ, 2019ರಲ್ಲಿ ಕಾನೂನೇ ಬಂದ ಮೇಲೆ ಅಲ್ಲೂ ಹೆಂಗಸರು ಧೈರ್ಯವಾಗಿ ಕೇಳುತ್ತಿದ್ದಾರೆ.

ಕಾಗದದ ದಾರಿ

ಕಾನೂನಿನ ಬಗ್ಗೆ ನಮ್ಮೂರಲ್ಲಿ ತಪ್ಪು ತಿಳಿವಳಿಕೆ ಬಹಳ ಇದೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಮೊದಲು ವಿಚ್ಛೇದನ ಬೇಕಾದರೆ ಯಾರದಾದರೂ ತಪ್ಪು ತೋರಿಸಲೇಬೇಕಿತ್ತು. ಇಬ್ಬರೂ ಒಪ್ಪಿ ಬೇರೆಯಾಗುವ 13ಬಿ ಕಲಂ ಸೇರಿದ್ದು 1976ರಲ್ಲಿ. ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು, ಮನಸ್ಸು ಬದಲಾದೀತು ಅಂತ. ಸಂಸಾರ ಸರಿಹೋಗುವ ಯಾವ ದಾರಿಯೂ ಇಲ್ಲ, ಜೀವನಾಂಶ, ಮಕ್ಕಳ ವಿಷಯ ಎಲ್ಲ ತೀರ್ಮಾನ ಆಗಿದೆ ಅಂತ ಕಂಡರೆ ಈ ಆರು ತಿಂಗಳನ್ನು ಕೋರ್ಟು ಬಿಡಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. 2023ರ ಮೇ 1ರಂದು ಐವರು ನ್ಯಾಯಮೂರ್ತಿಗಳ ಪೀಠ ಇನ್ನೊಂದು ತೀರ್ಪು ಕೊಟ್ಟಿತು. ಪೂರ್ತಿ ಸತ್ತುಹೋದ ಮದುವೆಯನ್ನು ಒಬ್ಬರು ಒಪ್ಪದಿದ್ದರೂ ಸುಪ್ರೀಂ ಕೋರ್ಟ್ ಮುರಿಯಬಹುದು ಅಂತ. ಇದನ್ನು ಕೇಳಿ ಈಗ ಯಾರು ಬೇಕಾದರೂ ಒಂದು ಅರ್ಜಿ ಹಾಕಿ ಬಿಡುಗಡೆ ಪಡೆಯಬಹುದು ಅಂತ ಹೇಳಿಕೊಂಡು ತಿರುಗುವವರಿದ್ದಾರೆ. ಸುಳ್ಳು. ಆ ಅಧಿಕಾರ ಸುಪ್ರೀಂ ಕೋರ್ಟಿಗೆ ಮಾತ್ರ. ಮಡಿಕೇರಿ ಕೋರ್ಟಿಗೆ ಇಲ್ಲ.

ನಮ್ಮ ಹುಡುಗಿಯರಿಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ತಿದ್ದುಪಡಿ 2003ರದ್ದು ಅನ್ನುತ್ತೇನೆ. ಹೆಂಡತಿ ತಾನು ಈಗ ಎಲ್ಲಿ ಇದ್ದಾಳೋ ಅಲ್ಲೇ ಅರ್ಜಿ ಹಾಕಬಹುದು. ಅದಕ್ಕೆ ಮೊದಲು ಮದುವೆಯಾದ ಊರು, ಗಂಡನ ಊರು, ಕೊನೆಗೆ ಒಟ್ಟಿಗಿದ್ದ ಊರು ಅಂತ ಅಲೆಯಬೇಕಿತ್ತು. ಈಗ ಪುಣೆಯಲ್ಲಿ ಸಂಸಾರ ಮಾಡಿ ಸೋತು ಶ್ರೀಮಂಗಲಕ್ಕೆ ಬಂದವಳು ಇಲ್ಲೇ ಹತ್ತಿರದ ಕೋರ್ಟಿಗೆ ಹೋಗಬಹುದು. ದೀಪದ ಮುಂದೆ ನಾವು ಒಂದು ಕಲ್ಲು ಹಿಡಿದುಕೊಂಡು ಹೇಳುವ ಮಾತನ್ನೇ ಈ ತಿದ್ದುಪಡಿ ತನ್ನ ಭಾಷೆಯಲ್ಲಿ ಹೇಳಿದ ಹಾಗಿದೆ, ಅಲ್ವಾ?

ಜೀವನಾಂಶದ ವಿಷಯದಲ್ಲಿ ಕೊಡಗಿನದೇ ಒಂದು ತೊಡಕು ಇದೆ. ಗಂಡ ತೋಟದವನಾದರೆ ಅವನ ಹೆಸರಲ್ಲಿ ಏನೂ ಇರುವುದಿಲ್ಲ. ಪಹಣಿಯಲ್ಲಿ ಅಪ್ಪನ ಹೆಸರು, ತಲೆಮಾರಿನಿಂದ ಒಕ್ಕಕ್ಕೆ ಬಂದ ಜಮ್ಮಾ ಜಾಗ ಆದರೆ ಪಟ್ಟೆದಾರರ ಹೆಸರು, ಅದರ ಕೆಳಗೆ ಇನ್ನಷ್ಟು ಜನ. ಕೋರ್ಟಿನಲ್ಲಿ ನಿಂತು "ನನಗೆ ಸಂಪಾದನೆ ಇಲ್ಲ, ಅಪ್ಪ ಕೊಟ್ಟಿದ್ದರಲ್ಲಿ ಬದುಕುತ್ತಿದ್ದೇನೆ" ಅನ್ನುತ್ತಾನೆ. ಹೊರಗೆ ಅವನದೇ ಹೊಸ ಜೀಪು ನಿಂತಿರುತ್ತದೆ. 2020ರಿಂದ ಇಬ್ಬರೂ ತಮ್ಮ ಆಸ್ತಿ, ಸಾಲ, ಖರ್ಚು ಎಲ್ಲವನ್ನೂ ಪ್ರಮಾಣಪತ್ರದಲ್ಲಿ ಬರೆದು ಕೊಡಬೇಕು ಅಂತ ಸುಪ್ರೀಂ ಕೋರ್ಟ್ ನಿಯಮ ಮಾಡಿದೆ. ಅದೇ ವರ್ಷ ಇನ್ನೊಂದು ತೀರ್ಪಿನಲ್ಲಿ, ಮನೆ ಅತ್ತೆ ಮಾವನ ಹೆಸರಲ್ಲಿದ್ದರೂ ಸೊಸೆ ಅಲ್ಲಿ ಸಂಸಾರ ಮಾಡಿದ್ದರೆ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಅಲ್ಲಿರುವ ಹಕ್ಕು ಕೇಳಬಹುದು ಅಂತ ಹೇಳಿದೆ. ಇವೆರಡನ್ನೂ ವಕೀಲರಿಗೆ ನೆನಪಿಸಿ. ವಕೀಲರನ್ನು ಇಡಲು ದುಡ್ಡಿಲ್ಲದಿದ್ದರೆ ಮಡಿಕೇರಿಯಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. 1987ರ ಕಾಯ್ದೆಯ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ಸಹಾಯ ಉಚಿತ. ಇದು ಗೊತ್ತಿಲ್ಲದೆ ಚಿನ್ನ ಅಡವಿಟ್ಟವರನ್ನು ನೋಡಿದ್ದೇನೆ.

ಇನ್ನು ತವರಿನ ಪಾಲು. ಹನ್ನೆರಡನೇ ಕಲ್ಲು ಅವಳಿಗೆ ಊಟ ಕೊಟ್ಟಿತು, ಮಲಗಲು ಜಾಗ ಕೊಟ್ಟಿತು. ಜಮೀನು ಕೊಡಲಿಲ್ಲ. ಅಪ್ಪ ಇರುವವರೆಗೆ ಸರಿ, ಆಮೇಲೆ ಅಣ್ಣನ ಹೆಂಡತಿಯ ಮುಖ ನೋಡಿ ಬದುಕಬೇಕು. ಇದನ್ನು ಮುಚ್ಚಿಟ್ಟು ನಮ್ಮ ಪದ್ಧತಿಯನ್ನು ಹೊಗಳಿದರೆ ತಪ್ಪಾಗುತ್ತದೆ. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು ಅಂತ ಕರ್ನಾಟಕ 1994ರಲ್ಲೇ ಜಾರಿಗೆ ತಂದಿತ್ತು, ಆಗ ಮದುವೆಯಾಗದ ಹೆಣ್ಣುಮಕ್ಕಳಿಗೆ ಮಾತ್ರ. 2005ರಲ್ಲಿ ಕೇಂದ್ರದ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿತು. ಆ ಹೊತ್ತಿಗೆ ಅಪ್ಪ ಬದುಕಿರಲಿ ಇಲ್ಲದಿರಲಿ, ಹುಟ್ಟಿನಿಂದಲೇ ಹಕ್ಕು ಅಂತ 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು. ಕಾನೂನು ಇಲ್ಲಿಯವರೆಗೆ ಬಂದಿದೆ. ನಮ್ಮ ಕಡೆ ಎಷ್ಟೋ ಜಾಗ ಇನ್ನೂ ಭಾಗವೇ ಆಗದೆ ಹತ್ತಾರು ಹೆಸರಲ್ಲಿ ಸಿಕ್ಕಿಕೊಂಡಿದೆ. ಅಂಥ ಕಡೆ ಮಗಳು ಪಾಲು ಕೇಳಿದರೆ ಅವಳ ಪರವಾಗಿ ಮಾತಾಡುವವರು ಯಾರು? ನಾನು ಇಬ್ಬರು ಅಪ್ಪಂದಿರಿಗೆ ಹೇಳಿ ನೋಡಿದೆ, ಬದುಕಿರುವಾಗಲೇ ಮಗಳ ಹೆಸರಿಗೆ ಒಂದೆರಡು ಎಕರೆ ಬರೆದುಬಿಡಿ ಅಂತ. ಒಬ್ಬರು ಬರೆದರು.

ಲೈನ್ ಮನೆಯಲ್ಲಿ

ಇಲ್ಲಿಯವರೆಗೆ ಹೇಳಿದ್ದೆಲ್ಲ ಜಮೀನು ಇದ್ದವರ ಕಥೆ. ಅದೇ ತೋಟದ ಕೆಳಗಡೆ ಕೆಲಸದವರ ಲೈನ್ ಮನೆಗಳ ಸಾಲು ಇರುತ್ತದೆ. ಯರವರು, ಕುರುಬರು, ತಮಿಳುನಾಡಿನಿಂದ ಬಂದವರು, ಈಗ ಅಸ್ಸಾಂ ಕಡೆಯವರು. ಅಲ್ಲಿ ಮುರಿಯುವ ಸಂಸಾರಗಳ ಬಗ್ಗೆ ಯಾರೂ ಲೇಖನ ಬರೆಯುವುದಿಲ್ಲ.

ತೋಟದ ಮಾಲೀಕರು ಕೆಲಸದವರಿಗೆ ಮನೆ ಕೊಡಬೇಕು ಅನ್ನುವುದನ್ನು 1951ರ ತೋಟ ಕಾರ್ಮಿಕರ ಕಾಯ್ದೆಯೇ ತಂದಿತ್ತು. ಒಳ್ಳೆಯದೇ. ಆದರೆ ಮನೆ ಕೆಲಸದ ಜೊತೆ ಅಂಟಿಕೊಂಡಿದೆ, ಕೆಲಸ ಹೆಚ್ಚಿನ ಕಡೆ ಗಂಡನ ಹೆಸರಲ್ಲಿ ಮಾತಾಗಿರುತ್ತದೆ. ಗಂಡನನ್ನು ಬಿಟ್ಟರೆ ಅವಳಿಗೆ ಗಂಡನ ಜೊತೆ ಸೂರೂ ಹೋಗುತ್ತದೆ. ತವರು ಅಂದರೆ ಇನ್ನೊಂದು ತೋಟದ ಇನ್ನೊಂದು ಲೈನ್, ಒಂದೇ ಕೋಣೆಯಲ್ಲಿ ಆರು ಜನ. ಡಿಸೆಂಬರ್‌ನಿಂದ ಕಾಫಿ ಕುಯ್ಲು ನಡೆಯುವ ಮೂರು ತಿಂಗಳು ಹೇಗೋ ಎಲ್ಲಾದರೂ ಕೆಲಸ ಸಿಗುತ್ತದೆ. ಮಳೆಗಾಲದಲ್ಲಿ ಏನು ಮಾಡಬೇಕು?

ಮದುವೆಗೆ ಕಾಗದ ಇಲ್ಲ, ಫೋಟೊ ಕೂಡ ಇರುವುದಿಲ್ಲ. ಹಾಗಾಗಿ ಜೀವನಾಂಶ ಕೇಳಲು ಬರುವುದಿಲ್ಲ ಅಂತ ಅವರೇ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಗಂಡ ಹೆಂಡತಿಯ ಹಾಗೆ ಒಟ್ಟಿಗೆ ಬದುಕಿದ್ದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಅವರಿಗೂ ರಕ್ಷಣೆ ಕೊಡುತ್ತದೆ. ರೇಷನ್ ಕಾರ್ಡಿನಲ್ಲಿ ಇಬ್ಬರ ಹೆಸರು, ಮಗುವಿನ ಶಾಲೆ ದಾಖಲೆಯಲ್ಲಿ ಅಪ್ಪನ ಹೆಸರು, ಇವು ಸಹಾಯಕ್ಕೆ ಬರುತ್ತವೆ. 181ಕ್ಕೆ ಫೋನ್ ಮಾಡಿದರೆ ಮಹಿಳಾ ಸಹಾಯವಾಣಿ ಸಿಗುತ್ತದೆ. ತೋಟದ ಮಾಲೀಕರು ಒಂದು ಮಾತ್ರ ಮಾಡಬಹುದು: ಅವಳು ಕೆಲಸಕ್ಕೆ ಬರುತ್ತಿದ್ದರೆ ಮನೆಯನ್ನು ಅವಳ ಹೆಸರಲ್ಲೇ ಬಿಡುವುದು. ಪರಿಚಯದ ಒಬ್ಬ ಬೆಳೆಗಾರರು ಹಾಗೆ ಮಾಡಿದರು. ಕುಡಿದು ಹೊಡೆಯುತ್ತಿದ್ದ ಗಂಡನಿಗೆ ಬೇರೆ ಜಾಗ ನೋಡಿಕೋ ಅಂದರು. ಆ ಹೆಂಗಸು ಈಗಲೂ ಅಲ್ಲೇ ಇದ್ದಾಳೆ.

ಮಕ್ಕಳು ಯಾವ ಮನೆಯವರು?

ಕೊಡಗಿನಲ್ಲಿ ಮನುಷ್ಯನ ಗುರುತು ಮನೆಹೆಸರು. ಹೊಸಬರು ಸಿಕ್ಕರೆ ಮೊದಲು ಕೇಳುವುದೇ ಅದು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ 60 ಕುಟುಂಬಗಳನ್ನು ಸೇರಿಸಿ ಹಾಕಿ ಹಬ್ಬ ಶುರು ಮಾಡಿದರು. ಅದೇ ಹಬ್ಬದ 2024ರ ಕುಂಡ್ಯೋಳಂಡ ಕಪ್‌ನಲ್ಲಿ 360 ತಂಡ ಆಡಿದವು. ಒಕ್ಕ ಸತ್ತಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ದೂರದ ಊರಿಂದ ಬಂದು ಮನೆಹೆಸರಿನ ಜರ್ಸಿ ಹಾಕಿಕೊಂಡು ಆಡುತ್ತಾರೆ. ಆ ಹೆಸರು ಬರುವುದು ಅಪ್ಪನಿಂದ. ಅಪ್ಪ ಅಮ್ಮ ಬೇರೆಯಾಗಿ, ಮಗು ಅಮ್ಮನ ತವರಲ್ಲಿ ಬೆಳೆದರೆ? ಅಪ್ಪನ ಒಕ್ಕದ ಹೆಸರು ಇರುತ್ತದೆ, ಆ ಐನ್‌ಮನೆಯ ಹೊಸ್ತಿಲು ಕಂಡಿರುವುದಿಲ್ಲ. ಬೆಳೆದ ಮನೆಯ ಮೂಲಪುರುಷ ಕಾರೋಣನಿಗೆ ಕೈ ಮುಗಿಯುತ್ತದೆ, ಆ ಮನೆಯ ಲೆಕ್ಕದಲ್ಲಿ ಇರುವುದಿಲ್ಲ.

ನಾನು ಮೊದಲು ಹೇಳಿದ ಹುಡುಗಿಗೆ ಒಂದು ಮಗಳಿದ್ದಾಳೆ, ಈಗ ಎಂಟು ವರ್ಷ. ಆ ಸಾವಿನ ಮನೆಯ ಮಾತಾದ ಮೇಲೆ ನಾನು ಅವರ ಮನೆಗೆ ಹೋಗಿದ್ದೆ. ಜೀವನಾಂಶದ ಮಾತುಕತೆಗೆ ಹುಡುಗನ ಕಡೆಯ ಅರುವರನ್ನೂ ಕರೆಸಿದೆವು. ಅವರೂ ಪಾಪ, ನನ್ನ ಹಾಗೇ, ಯಾರೂ ತಮಗೆ ತಿಳಿಸಲಿಲ್ಲ ಅಂತ ನೊಂದುಕೊಂಡಿದ್ದರು. ಮೂರು ಸಲ ಕೂತೆವು. ಮದುವೆ ಉಳಿಯಲಿಲ್ಲ, ಉಳಿಸಬೇಕು ಅಂತ ಕೂತಿದ್ದೂ ಅಲ್ಲ. ಮಗುವಿನ ಓದಿನ ಖರ್ಚು, ಅಪ್ಪ ಯಾವಾಗ ಬಂದು ನೋಡುವುದು, ಒಡವೆ ವಾಪಸ್, ಇಷ್ಟು ತೀರ್ಮಾನವಾಯಿತು. ಕೋರ್ಟಿನಲ್ಲಿ ಅದನ್ನೇ ಬರೆದುಕೊಟ್ಟರು. ಆಮೇಲಿಂದ ನಾನು ನಿಂತ ಮದುವೆಗಳ ಹುಡುಗಿಯರಿಗೆ ಕಕ್ಕಡದಲ್ಲಿ ಒಂದು ಸಲ, ಸುಗ್ಗಿ ಹಬ್ಬ ಪುತ್ತರಿಗೆ ಒಂದು ಸಲ ಫೋನ್ ಮಾಡುತ್ತೇನೆ. ಒಬ್ಬಳು "ಅಂಕಲ್, ಏನೂ ತೊಂದರೆ ಇಲ್ಲ, ಸುಮ್ನೆ ಮಾತಾಡಿ" ಅಂತ ಅರ್ಧ ಗಂಟೆ ಮಾತಾಡಿದಳು.

ಹೋದ ಪುತ್ತರಿಗೆ ಆ ಮಗು ಗದ್ದೆಯಲ್ಲಿ ತನ್ನ ಅಜ್ಜನ ಪಕ್ಕ ನಿಂತು ಕದಿರು ಹಿಡಿದುಕೊಂಡು ಎಲ್ಲರಿಗಿಂತ ಜೋರಾಗಿ "ಪೊಲಿ ಪೊಲಿ ದೇವಾ" ಅಂತ ಕೂಗಿದಳು. ಮನೆಗೆ ಬಂದ ಮೇಲೆ ಅವಳ ಅಜ್ಜ ನನ್ನನ್ನು ಒಳಗೆ ಕರೆದು ಒಂದು ಕಡತ ತೋರಿಸಿದರು. ಅವರ ಒಕ್ಕದ ವಂಶಾವಳಿಯನ್ನು ಹೊಸದಾಗಿ ಪ್ರಿಂಟ್ ಮಾಡಿಸುತ್ತಿದ್ದಾರೆ. ಮಗಳ ಹೆಸರಿನ ಮುಂದೆ ಹಳೆಯ ಪುಸ್ತಕದಲ್ಲಿ ಕೊಟ್ಟ ಮನೆಯ ಹೆಸರು ಬರೆದು ಅಲ್ಲಿಗೆ ನಿಲ್ಲಿಸುತ್ತಿದ್ದರು. ಈಗ ಅದರ ಕೆಳಗೆ ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆದು, ಮೊಮ್ಮಗಳ ಹೆಸರು ಬರೆದಿದ್ದರು.

"ಇದನ್ನ ಹೀಗೇ ಹಾಕಬಹುದಾ ಅಣ್ಣ?" ಅಂತ ಕೇಳಿದರು. "ಒಕ್ಕದ ಮೀಟಿಂಗಲ್ಲಿ ಕೆಲವರು ಎದ್ದು ನಿಲ್ಲುತ್ತಾರೆ."

ಮೀಟಿಂಗು ಮುಂದಿನ ತಿಂಗಳು. ಅರುವನಾಗಿ ನಾನೂ ಬರುತ್ತೇನೆ ಅಂತ ಹೇಳಿದ್ದೇನೆ.